ಅಆಇಈ, ರಗಸದಅ, ಎಮ್ಮೆ-ಮುದ್ದೆ: ಒಂದನೇ ಕ್ಲಾಸಿನಲ್ಲಿ ಮೂರನ್ನೂ ಕಲಿಸಿ ನೋಡಿದ ಮೇಲೆ

ಒಂದನೇ ತರಗತಿಯ ಮಗುವಿಗೆ ಮೊದಲು ಯಾವ ಅಕ್ಷರ ಹೇಳಿಕೊಡಬೇಕು ಅಂತ ಬೀದಿಯಲ್ಲಿ ಯಾರನ್ನಾದರೂ ಕೇಳಿ. ‘ಅ’ ಅನ್ನುತ್ತಾರೆ, ಇದನ್ನೂ ಕೇಳಬೇಕಾ ಅನ್ನುವ ಹಾಗೆ ನಿಮ್ಮ ಮುಖ ನೋಡುತ್ತಾರೆ. ಸರ್ಕಾರಿ ಶಾಲೆಯಲ್ಲಿ ಕಾರ್ಡು ಹಿಡಿದು ಗುಂಪಾಗಿ ಕಲಿಯುವ ನಲಿಕಲಿ ಕೋಣೆಯಲ್ಲಿ ಕೇಳಿದರೆ ‘ರ’. 2020ರಲ್ಲಿ ದೇವಸ್ಥಾನದ ಜಗಲಿ ಮೇಲೆ ಮಕ್ಕಳನ್ನು ಕೂರಿಸಿಕೊಂಡಿದ್ದಾಗ ನಾನು ಮೊದಲು ಬರೆದುಕೊಟ್ಟದ್ದು ‘ಎಮ್ಮೆ’. ಮಂಡ್ಯ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂರು ದಾರಿಗಳಲ್ಲೂ ಮಕ್ಕಳ ಕೈ ಹಿಡಿದು ನಡೆದಿದ್ದೇನೆ. ಪ್ರತಿ ಜೂನ್‌ನಲ್ಲಿ ಹೊಸದಾಗಿ ಒಂದನೇ ತರಗತಿ ವಹಿಸಿಕೊಂಡವರು ಫೋನ್ ಮಾಡಿ ಕೇಳುತ್ತಾರೆ, ಎಲ್ಲಿಂದ ಶುರು ಮಾಡೋದು ಮೇಡಂ ಅಂತ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹಿಡಿದದ್ದು ವರ್ಣಮಾಲೆ. ನಾನು ಕಲಿತದ್ದೂ ಹಾಗೇ ತಾನೆ. ಬೋರ್ಡಿನ ಮೇಲೆ ಅ, ಮಕ್ಕಳ ಸ್ಲೇಟಿನ ಮೇಲೆ ಅ, ಅದರ ಮೇಲೆ ಹತ್ತು ಸಲ ತಿದ್ದು. ‘ಅ’ ಬರೆಯಲು ಸುಲಭದ ಅಕ್ಷರ ಅಂತ ನಮಗೆ ಅನ್ನಿಸುವುದು ನಮಗೆ ಅದು ಬರುತ್ತದೆ ಎಂಬ ಕಾರಣಕ್ಕೆ. ಬಳಪ ಹಿಡಿಯುವುದೇ ಹೊಸದಾಗಿರುವ ಆರು ವರ್ಷದ ಕೈಗೆ ಅದರ ಸುರುಳಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕು ಅನ್ನುವುದೇ ತಿಳಿಯುವುದಿಲ್ಲ. ಅದು ಹೇಗೋ ಆಯಿತು ಅನ್ನುವಷ್ಟರಲ್ಲಿ ಆ, ಇ, ಈ. ಋ ಬಂದಾಗ ಎಲ್ಲರೂ ಒಟ್ಟಿಗೆ ‘ಋಷಿ’ ಎಂದು ಕೂಗುತ್ತಾರೆ. ಋಷಿ ಬಿಟ್ಟರೆ ಇನ್ನೊಂದು ಪದ ಹೇಳಿ ಅಂದರೆ ನನಗೇ ತಡವರಿಕೆ.

ಈ ದಾರಿಯ ಕಷ್ಟ ನನಗೆ ಹೊಳೆದದ್ದು ಎರಡನೇ ವರ್ಷ. ಕನ್ನಡದಲ್ಲಿ ಸ್ವರಾಕ್ಷರ ಬರುವುದು ಪದದ ಮೊದಲಿಗೆ. ಒಳಗೆ ಬಂದರೆ ಅದು ಗುಡಿಸೋ ಕೊಂಬೋ ಆಗಿಬಿಡುತ್ತದೆ. ಅಂದರೆ ಮಗು ಹದಿಮೂರು ಸ್ವರ ಕಲಿತು ಮುಗಿಸಿದರೂ ಓದಲು ಅದರ ಕೈಯಲ್ಲಿ ಒಂದು ನೆಟ್ಟಗಿನ ಪದ ಇರುವುದಿಲ್ಲ. ಬೆರಳು ತೋರಿಸಿ ‘ಆ’, ‘ಈ’ ಅನ್ನಬಹುದು, ಅಷ್ಟೆ. ಗ ತನಕ ಹೋದರೆ ‘ಈಗ’, ‘ಆಗ’ ಸಿಗುತ್ತವೆ. ಆಮೇಲೆ ಙ, ಆಮೇಲೆ ಞ. ಇವೆರಡನ್ನು ಬರೆಯಲು ಮಕ್ಕಳು ಪಡುವ ಪಾಡು ನೋಡಿದರೆ ಅಯ್ಯೋ ಅನ್ನಿಸುತ್ತದೆ, ಆ ವರ್ಷವೆಲ್ಲಾ ಅವು ಇನ್ನೆಲ್ಲೂ ಕಣ್ಣಿಗೆ ಬೀಳುವುದಿಲ್ಲ. ದಸರಾ ರಜೆ ಹೊತ್ತಿಗೆ ನನ್ನ ಮಕ್ಕಳು 49 ಅಕ್ಷರವನ್ನೂ ಹಾಡುತ್ತಿದ್ದರು, ಮಧ್ಯದಲ್ಲಿ ಒಂದನ್ನು ತೋರಿಸಿ ಕೇಳಿದರೆ ಮೊದಲಿನಿಂದ ಹೇಳಿಕೊಂಡು ಬರುತ್ತಿದ್ದರು. ‘ಮ’ ತೋರಿಸಿದರೆ ಪ ಫ ಬ ಭ ಮ ಅಂತ ಬೆರಳು ಮಡಚುವವರು ಎಷ್ಟು ಜನ!

ನಲಿಕಲಿ ನಮ್ಮ ಶಾಲೆಗೆ ಬಂದದ್ದು 2009-10ರಲ್ಲಿ, ರಾಜ್ಯದ ಉಳಿದ ಸರ್ಕಾರಿ ಶಾಲೆಗಳ ಜೊತೆಗೇ. ಅದು ಹುಟ್ಟಿದ್ದು 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿ ಶಾಲೆಗೆ ಹೋಗಿ, ಕಾರ್ಡುಗಳಲ್ಲಿ ಪಾಠ ನಡೆಯುವುದನ್ನು ನೋಡಿ ಬಂದು ಕಟ್ಟಿಕೊಂಡದ್ದು. ಟ್ರೇನಿಂಗ್‌ಗೆ ಹೋಗುವಾಗ ನಾನು ಮನಸ್ಸಿನಲ್ಲೇ ಗೊಣಗಿಕೊಂಡೇ ಹೋದೆ. ಒಂದು, ಎರಡು, ಆಮೇಲೆ ಮೂರನೇ ತರಗತಿಯೂ ಒಂದೇ ಕೋಣೆಯಲ್ಲಿ. ಗೋಡೆಗೆ ಯಾವುದಾದ ಮೇಲೆ ಯಾವುದು ಕಲಿಯಬೇಕು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ, ತಲೆ ಮೇಲೆ ದಾರ ಕಟ್ಟಿದ ಚಪ್ಪರ, ನೆಲದ ಮೇಲೆ ತಟ್ಟೆಗಳು, ತಟ್ಟೆಗೊಂದು ಗುಂಪು. ಬೋರ್ಡಿನ ಮುಂದೆ ನಿಲ್ಲುವ ನನ್ನ ಜಾಗವೇ ಇಲ್ಲವಾಯಿತು.

ಅಕ್ಷರದ ಕ್ರಮ ನೋಡಿ ಇನ್ನೂ ಸಿಟ್ಟು ಬಂತು. ಮೊದಲ ಐದು ರ, ಗ, ಸ, ದ, ಅ. ಇದೆಲ್ಲಿಯ ತಲೆಬುಡವಿಲ್ಲದ ಕ್ರಮ ಅಂದುಕೊಂಡೆ. ಜುಲೈ ಮೊದಲ ವಾರದಲ್ಲಿ ಒಂದು ಹುಡುಗಿ ಒಂದೊಂದು ಅಕ್ಷರ ಬರೆದ ಐದು ಮಿಂಚುಪಟ್ಟಿಗಳನ್ನು ನೆಲದ ಮೇಲೆ ಹರಡಿಕೊಂಡು ಆಡುತ್ತಿದ್ದಳು. ಸ ಪಕ್ಕ ರ ಇಟ್ಟು ‘ಸರ’ ಅಂದಳು. ತನ್ನ ಕತ್ತಿನ ಸರ ಹಿಡಿದು ನೋಡಿಕೊಂಡಳು. ಮುಂದೆ ದ ತಂದು ಇಟ್ಟಳು. ‘ದ...ಸ...ರ.’ ಒಂದು ಗಳಿಗೆ ಸುಮ್ಮನಿದ್ದವಳು ಎದ್ದು ನಿಂತು, “ಮಿಸ್, ದಸರ! ಆನೆ ದಸರ!” ಅಂತ ಕೂಗಿದಳು. ಶಾಲೆಗೆ ಸೇರಿ ಒಂದು ತಿಂಗಳು. ನನ್ನ ವರ್ಣಮಾಲೆಯ ಮಕ್ಕಳು ಆ ಹೊತ್ತಿಗೆ ಎ, ಏ, ಐ ತಿದ್ದುತ್ತಿರುತ್ತಿದ್ದರು.

ಐದೇ ಅಕ್ಷರದಲ್ಲಿ ಅರಸ, ಗರಗಸ, ರಸ, ದರ, ಸರಸರ, ಗರಗರ. ಮುಂದಿನ ಕಂತಿನ ಜ, ವ, ಮ, ಬ, ನ ಸೇರಿದರೆ ಮರ, ದನ, ಜನ, ಬಸವ, ಮಗ, ಅವನ. ‘ಬಸವನ ಮಗ’ ಎಂದು ಎರಡು ಪದ ಜೋಡಿಸಿ ಓದಬಹುದು, ಇನ್ನೂ ಒಂದು ಗುಣಿತವೂ ಕಲಿಯದೆ. ಬರವಣಿಗೆಗೂ ಅಷ್ಟೇ: ರ, ಗ ಎರಡೂ ಒಂದು ಬಾಗು, ತಲೆ ಮೇಲೊಂದು ತಲಕಟ್ಟು. ರ ತಿದ್ದಿದ ಕೈಗೆ ದ ದೂರವೇನಲ್ಲ. ಅಷ್ಟು ಪಳಗಿದ ಮೇಲೆ ‘ಅ’ ಬರುತ್ತದೆ. ಇದನ್ನು ಜೋಡಿಸಿದವರು ಮಕ್ಕಳ ಪಕ್ಕ ನೆಲದ ಮೇಲೆ ಕೂತವರೇ ಇರಬೇಕು.

ಹಾಗಂತ ಎಲ್ಲ ಸರಾಗ ಅಂತಲ್ಲ. ಈ ಐದರಲ್ಲಿ ಹುಟ್ಟುವ ಇನ್ನೊಂದು ಪದ ‘ಅಗಸ’. ಅದನ್ನು ಓದಿಸುವಾಗ ಹಿಂದಿನಿಂದ ಯಾರೋ ಒಬ್ಬ ಹುಡುಗನ ಕಡೆ ಬೆರಳು ಮಾಡಿದರು, ನಾಲ್ಕು ಜನ ನಕ್ಕರು. ಅವನು ತಲೆ ತಗ್ಗಿಸಿದ. ಆವತ್ತಿನಿಂದ ನನ್ನ ಕೋಣೆಯಲ್ಲಿ ಆ ಪದ ಇಲ್ಲ. ಇನ್ನು ಕಾರ್ಡುಗಳು: ಕಳೆಯುತ್ತವೆ, ಮೂಲೆ ಮುರಿಯುತ್ತವೆ, ಒಂದು ಕಾರ್ಡಿಗೆ ಮೂವರು ಕಾಯುತ್ತಾರೆ. ಕಬ್ಬು ಕಡಿಯುವ ಕಾಲದಲ್ಲಿ ಅಪ್ಪ ಅಮ್ಮನ ಜೊತೆ ಹದಿನೈದು ದಿನ ಹೋಗಿ ಬಂದ ಮಗು ತಾನು ನಿಂತ ಮೆಟ್ಟಿಲಿನಿಂದಲೇ ಶುರು ಮಾಡಬಹುದು, ಇದು ಏಣಿಯ ದೊಡ್ಡ ಗುಣ. ಆದರೆ ಅದೇ ಏಣಿಯಲ್ಲಿ ಒಂದು ಮಗು ಒಂದೇ ಮೈಲಿಗಲ್ಲಿನಲ್ಲಿ ತಿಂಗಳುಗಟ್ಟಲೆ ಕೂತರೂ ಗದ್ದಲದಲ್ಲಿ ಗೊತ್ತಾಗುವುದಿಲ್ಲ. ಪ್ರಗತಿ ನೋಟ ತುಂಬುವಾಗ ನೋಡುತ್ತೇನೆ, ಒಬ್ಬಳು ಆಗಸ್ಟ್‌ನಲ್ಲಿ ಇದ್ದಲ್ಲೇ ನವೆಂಬರ್‌ನಲ್ಲೂ ಇದ್ದಾಳೆ. ಚೆನ್ನಾಗಿ ನಗುತ್ತಾ, ಬೇರೆಯವರ ಕಾರ್ಡು ಹಂಚುತ್ತಾ ಓಡಾಡಿಕೊಂಡಿದ್ದಳು, ಹಾಗಾಗಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ವರ್ಣಮಾಲೆಯ ಕಾಲದಲ್ಲಿ ಎಲ್ಲರೂ ಒಟ್ಟಿಗೇ ಹಿಂದೆ ಬೀಳುತ್ತಿದ್ದರು ಅನ್ನಿ.

ಮನೆಯವರನ್ನು ಒಪ್ಪಿಸುವುದು ಬೇರೆಯದೇ ಪಾಡು. ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದುಕೊಂಡು ಶಾಲೆ ಬಾಗಿಲಿಗೆ ಬಂದರು: “ಮೇಡಮ್ಮೋರೆ, ಕೂಸು ಗರಗಸ ಅಂತದೆ, ಸರಸರ ಅಂತದೆ, ಅಆಇಈನೇ ಬರಕಿಲ್ವಲ್ಲ! ಪಕ್ಕದ ಮನೆ ಮಗ ಕಾನ್ವೆಂಟಲ್ಲಿ ಪಟಪಟ ಅಂತ ಹೇಳ್ತದೆ.” ನಾನು ಅಂಗಳದ ಮಣ್ಣಿನಲ್ಲಿ ‘ದನ’ ಅಂತ ಬರೆದು ಮೊಮ್ಮಗನ ಕೈಲಿ ಓದಿಸಿದೆ. ಅಜ್ಜಿ ಮೆಚ್ಚಿಕೊಂಡರೋ ಇಲ್ಲವೋ, “ಅಆಇಈನೂ ಹೇಳ್ಕೊಡಿ” ಅಂತ ಹೇಳಿಯೇ ಹೋದರು. ಅವರ ಮಾತಿನಲ್ಲಿ ಹುರುಳಿತ್ತು ಅಂತ ಅರ್ಥವಾಗಲು ನನಗೆ ಇನ್ನೂ ಕೆಲವು ವರ್ಷ ಬೇಕಾಯಿತು.

ಮೂರನೆಯದು ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. 2020ರ ಆಗಸ್ಟ್‌ನಲ್ಲಿ, ಕೊರೊನಾಕ್ಕೆ ಶಾಲೆ ಮುಚ್ಚಿದ್ದಾಗ ಮಕ್ಕಳಿರುವ ಕಡೆಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಶುರುವಾದಾಗ ಶಾಲೆಗೆ ಬೀಗ, ಕಾರ್ಡುಗಳು ಒಳಗೆ, ನಾವು ಹೊರಗೆ. ಜಗಲಿ ಮೇಲೆ ಆರು ಮಕ್ಕಳು. ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಕತ್ತರಿಸಿ ಪಟ್ಟಿ ಮಾಡಿಕೊಂಡೆ. ಒಬ್ಬೊಬ್ಬರನ್ನೇ ಕರೆದು ಕೇಳಿದೆ: ಇವತ್ತು ನಿನಗೆ ಯಾವ ಪದ ಬೇಕು? ಮೊದಲನೆಯವನು ಅತ್ತ ಇತ್ತ ನೋಡಿ, ಎದುರಿಗೆ ಕಟ್ಟಿದ್ದನ್ನೇ ತೋರಿಸಿ, ಎಮ್ಮೆ ಅಂದ. ಬರೆದುಕೊಟ್ಟೆ. ಅದನ್ನು ಬೆಂಕಿಪೊಟ್ಟಣದಲ್ಲಿ ಮಡಚಿಟ್ಟುಕೊಂಡ. ಮರುದಿನ ಬರುವಾಗ ತೆಗೆದು ಓದಬೇಕು, ಓದಿದರೆ ಇನ್ನೊಂದು ಪದ. ಮುದ್ದೆ, ಕಬ್ಬು, ಟ್ರ್ಯಾಕ್ಟರ್, ಅಕ್ಕ, ಆಲೆಮನೆ ಹೀಗೆ ಬಂದವು. ತಾನು ಕೇಳಿ ಪಡೆದ ಪದವನ್ನು ಮಕ್ಕಳು ಮರೆಯುವುದಿಲ್ಲ. ಟ್ರ್ಯಾಕ್ಟರ್ ಎಂಬ ಆ ಭಯಂಕರ ಪದವನ್ನು ಎರಡನೇ ದಿನವೇ ಗುರುತಿಸಿದವನಿಗೆ ‘ಟ’ ಒಂದನ್ನೇ ತೋರಿಸಿದರೆ ಗೊತ್ತಿರಲಿಲ್ಲ. ಈ ದಾರಿಯ ಸುಖವೂ ಅದೇ, ದೋಷವೂ ಅದೇ. ಚಿತ್ರ ಗುರುತಿಸಿದ ಹಾಗೆ ಪದ ಗುರುತಿಸುತ್ತಾರೆ. ಪದ ಬಿಡಿಸಿ ಹೊಸದನ್ನು ಕಟ್ಟಲು ಬರುವುದಿಲ್ಲ.

ಆದರೆ ಆ ಬೆಂಕಿಪೊಟ್ಟಣಗಳನ್ನು ಒಂದು ಸಂಜೆ ಬಿಚ್ಚಿ ನೋಡುತ್ತಾ ಕೂತಾಗ ನನಗೇ ನಾಚಿಕೆಯಾಯಿತು. ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ, ಮುದ್ದೆ, ಅನ್ನ, ಎಮ್ಮೆ, ಕಬ್ಬು. ಮಗುವಿಗೆ ಹತ್ತಿರದ ಪದಗಳೆಲ್ಲಾ ಒತ್ತಕ್ಷರದವು! ವರ್ಣಮಾಲೆ ದಾರಿಯಲ್ಲಾಗಲಿ ನಲಿಕಲಿ ದಾರಿಯಲ್ಲಾಗಲಿ ಒತ್ತಕ್ಷರ ಬರುವುದು ಗುಣಿತವೆಲ್ಲಾ ಮುಗಿದ ಮೇಲೆ. ಗರಗಸ ಓದುವ ಮಗು ಅಮ್ಮನನ್ನು ಓದಲು ತಿಂಗಳುಗಟ್ಟಲೆ ಕಾಯಬೇಕು. ಒತ್ತುಗಳಲ್ಲೂ ಎಲ್ಲ ಒಂದೇ ಸಮ ಕಷ್ಟವಿಲ್ಲ ಅನ್ನುವುದು ಜಗಲಿ ಮೇಲೆ ಗೊತ್ತಾಯಿತು. ಅಕ್ಕ, ಅಪ್ಪ, ಅಜ್ಜ, ಅಣ್ಣ ಇವುಗಳಲ್ಲಿ ಕೆಳಗಿನದು ಮೇಲಿನದರ ಮರಿ. “ಮೇಲೆ ದೊಡ್ಡ ಕ, ಕೆಳಗೆ ಅದರ ಮರಿ” ಅಂದರೆ ಮುಗಿಯಿತು. ತ, ನ, ಮ, ಯ, ರ, ಲ ಇವುಗಳ ಒತ್ತು ಮಾತ್ರ ತಾಯಿಯನ್ನು ಹೋಲುವುದೇ ಇಲ್ಲ. ಅಪ್ಪನನ್ನು ಒಂದೇ ದಿನಕ್ಕೆ ಓದಿದ ಮಕ್ಕಳು ಅಮ್ಮನ ಹತ್ತಿರ ತಡವರಿಸಿದ್ದು ಇದಕ್ಕೇ.

ಮಕ್ಕಳ ಹೆಸರಿನಿಂದ ಶುರು ಮಾಡಿ ಅಂತ ಕೆಲವರು ಸಲಹೆ ಕೊಡುತ್ತಾರೆ. ನಮ್ಮ ಅಜ್ಜನ ಕಾಲದ ಬಸವ, ರಂಗ ಆಗಿದ್ದರೆ ಸರಿ. ಈಗಿನ ಪ್ರಜ್ವಲ್, ಶ್ರಾವ್ಯ, ಹರ್ಷಿತ್‌ಗಳನ್ನು ಇಟ್ಟುಕೊಂಡು ಅಕ್ಷರ ಕಲಿಸಲು ಹೊರಟರೆ ಟೀಚರಿಗೇ ಬೆವರು. ಒಂದು ವಾರ ಮಾಡಿ ಬಿಟ್ಟೆ.

ಪದ ಅವರ ಬಾಯಿಂದಲೇ ಬರಲಿ ಅಂದಾಗ ಇನ್ನೊಂದು ಸಿಕ್ಕು. ನಮ್ಮ ಕಡೆ ಹಾಲು ‘ಆಲು’, ಹಸು ‘ಅಸ’. ಅಕ್ಕಿ ಕೆಲವರ ಬಾಯಲ್ಲಿ ‘ಹಕ್ಕಿ’ಯೂ ಆಗುತ್ತದೆ. ಮಗು ಆಲು ಅಂದರೆ ನಾನು ಏನು ಬರೆಯಲಿ? ಮೊದಮೊದಲು ಅದು ಹೇಳಿದ ಹಾಗೇ ಬರೆದೆ. ಒಬ್ಬ ಅಪ್ಪ ಪಟ್ಟಿ ಹಿಡಿದುಕೊಂಡು ಬಂದು, “ನಮ್ ಮಾತ್ನೇ ಕಲ್ಸಕ್ಕೆ ಇಸ್ಕೂಲ್ ಯಾಕ್ ಮೇಡಂ?” ಅಂದರು. ಆಮೇಲೆ ಪಟ್ಟಿಯ ಒಂದು ಕಡೆ ಮನೆ ಮಾತು, ಹಿಂದುಗಡೆ ಪುಸ್ತಕದ ಮಾತು ಬರೆಯತೊಡಗಿದೆ. ಎರಡೂ ಓದುತ್ತಿದ್ದರು, ಬರೆಯುವಾಗ ಮಾತ್ರ ಗೊಂದಲ.

ಇಲ್ಲಿ ನನ್ನ ಕೈ ಹಿಡಿದದ್ದು ನಾನು ಮೂಲೆಗೆ ತಳ್ಳಿದ್ದ ವರ್ಣಮಾಲೆ. 2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ತರಗತಿ ಬಾಗಿಲು ತೆರೆದಾಗ ಎರಡು, ಮೂರನೇ ತರಗತಿಯವರೂ ಒಂದನೆಯವರ ಹಾಗೇ ಇದ್ದರು. ಒಂದು ದಿನ ಸಾಲಾಗಿ ಕೂರಿಸಿ, ಒಬ್ಬೊಬ್ಬರ ಬಾಯಿ ಮುಂದೆ ತೆಳು ಕಾಗದದ ಚೂರು ಹಿಡಿಸಿದೆ. ಕ ಅನ್ನಿ. ಕಾಗದ ಅಲ್ಲಾಡಲಿಲ್ಲ. ಖ ಅನ್ನಿ. ಹಾರಿತು! ಪ, ಫ, ತ, ಥ, ಕೋಣೆ ತುಂಬಾ ಕಾಗದ ಹಾರಾಡಿತು. ಆಮೇಲೆ ಅ, ಹ. ‘ಆಲು’ ಅಂದರೆ ಕಾಗದ ಸುಮ್ಮನೆ, ‘ಹಾಲು’ ಅಂದರೆ ಅಲುಗುತ್ತದೆ. ‘ಹಾಲ್ಗೆ ಗಾಳಿ ಬೇಕು, ಅಕ್ಕಿಗೆ ಬೇಡ’ ಅಂತ ಒಬ್ಬ ತಾನೇ ಸೂತ್ರ ಮಾಡಿಕೊಂಡ. ಕ ಚ ಟ ತ ಪ ಅಂತ ನಿಧಾನ ಹೇಳಿಸಿ, ಗಂಟಲಿನಿಂದ ತುಟಿ ತನಕ ಸದ್ದು ಹೇಗೆ ಮುಂದೆ ಮುಂದೆ ಬರುತ್ತದೆ ಅಂತ ಬೆರಳಿಟ್ಟು ನೋಡಿಸಿದೆ. ಆ ಕ್ರಮ ಬಾಯಿಯ ನಕ್ಷೆ. ಓದಲು ಬಾರದ ಮಗುವಿಗೆ ಅದರಿಂದ ಪ್ರಯೋಜನ ಕಡಿಮೆ, ಓದು ಹತ್ತಿದ ಮಗುವಿಗೆ ಅದೊಂದು ಆಟ. ಮುಂದೆ ನಿಘಂಟು ತೆರೆಯುವಾಗಲೂ ಅದೇ ಬೇಕು. ಅಜ್ಜಿ ಹೇಳಿದ್ದು ಸರಿ, ಹೊತ್ತು ಮಾತ್ರ ಬೇರೆ.

ಮೂರರಲ್ಲೂ ಬಗೆಹರಿಯದ ಒಂದು ತಂಟೆ ಇದೆ, ‘ವು’. ಕು, ಗು ಬರೆದ ಅಭ್ಯಾಸದಲ್ಲಿ ಮಗು ವ ಪಕ್ಕಕ್ಕೆ ಕೊಂಬು ಹಚ್ಚುತ್ತದೆ, ಅದು ಮ ಆಗಿ ಕೂರುತ್ತದೆ. ‘ಹಾವು’ ಬರೆ ಅಂದರೆ ‘ಹಾಮ’. ವು, ಪು ಎರಡಕ್ಕೂ ಕೊಂಬನ್ನು ಕೆಳಗಿನಿಂದ ಎಳೆಯಬೇಕು ಅಂತ ಪ್ರತಿ ವರ್ಷ ಪ್ರತಿ ಮಗುವಿಗೂ ಕೈ ಹಿಡಿದೇ ತೋರಿಸಬೇಕು. ಯಾವ ಪದ್ಧತಿಯೂ ಇದನ್ನು ತಾನಾಗಿ ಕಲಿಸಿಲ್ಲ.

ಈಗ ಯಾರಾದರೂ ಕೇಳಿದರೆ ನನ್ನ ಓಟು ರಗಸದಕ್ಕೆ, ಅದೂ ಗಟ್ಟಿ ಓಟು. ಹತ್ತಕ್ಕೆ ಏಳು ಪಾಲು ಸಮಯ ಅದಕ್ಕೇ. ಮಧ್ಯಾಹ್ನ ಬಿಸಿಯೂಟದ ನಂತರ ಮಕ್ಕಳು ತೂಕಡಿಸುವ ಹೊತ್ತಿಗೆ ಅರ್ಧ ಗಂಟೆ ಬೆಂಕಿಪೊಟ್ಟಣ, ಅಪ್ಪ ಅಕ್ಕ ಅಜ್ಜ ಜುಲೈನಲ್ಲೇ ಬಂದುಬಿಡುತ್ತಾರೆ, ಏಣಿಯಲ್ಲಿ ಎಲ್ಲಿದ್ದರೂ ಸರಿ. ವರ್ಣಮಾಲೆ ಬೆಳಗಿನ ಪ್ರಾರ್ಥನೆ ಮುಗಿಸಿ ಒಳಗೆ ಬರುವಾಗ ಹಾಡಾಗಿ ಬಾಯಲ್ಲಿ ಇರುತ್ತದೆ, ಮನೆಯವರ ಸಮಾಧಾನಕ್ಕೂ ಆಯಿತು. ಅದರ ಪಾಠ ಮೂರನೇ ತರಗತಿಯಲ್ಲಿ, ಕಾಗದದ ಚೂರಿನ ಜೊತೆ. ಒಂದೇ ಕೋಣೆಯಲ್ಲಿ ಒಬ್ಬರೇ ಟೀಚರ್ ಇರುವ ಕಡೆ ಇಷ್ಟು ಮಾಡಲಾಗದಿದ್ದರೆ ಮೊದಲು ಕಾಗದದ ಆಟ ಬಿಡಿ, ಪೊಟ್ಟಣ ಬಿಡಬೇಡಿ.

ಪೊಟ್ಟಣದ್ದೇ ಈಗ ತಾಪತ್ರಯ. ಮನೆಮನೆಗೆ ಗ್ಯಾಸ್ ಲೈಟರ್ ಬಂದು ಖಾಲಿ ಬೆಂಕಿಪೊಟ್ಟಣ ಸಿಗುತ್ತಿಲ್ಲ. ಈ ವರ್ಷ ಕೆಲವರು ಅಜ್ಜಿಯ ಬಿಪಿ ಮಾತ್ರೆಯ ಡಬ್ಬಿ ತಂದಿದ್ದಾರೆ, ಒಬ್ಬ ಟೂತ್‌ಪೇಸ್ಟಿನ ಉದ್ದನೆಯ ರಟ್ಟಿನ ಡಬ್ಬಿ ತಂದು, ಇದರಲ್ಲಿ ಉದ್ದ ಪದ ಹಿಡಿಸುತ್ತೆ ಮಿಸ್ ಅಂತ ಕಾಯುತ್ತಾ ಕೂತಿದ್ದಾನೆ.