ಮಗನನ್ನು 'ಸೆಂಟರ್'ಗೆ ಕಳಿಸುವ ಮುಂಚೆ ಇದನ್ನು ಓದಿ

ಮನೆಯಲ್ಲಿ ವಯಸ್ಸಿಗೆ ಬಂದ ಮಗನಿಗೋ ಮಗಳಿಗೋ ಮಾನಸಿಕ ಕಾಯಿಲೆ ಇದ್ದರೆ, ಅಂಥವರನ್ನು ಇಟ್ಟುಕೊಂಡು ಸರಿ ಮಾಡುತ್ತೇವೆ ಅನ್ನುವ ಯಾವುದೋ 'ಸೆಂಟರ್'ನ ಫೋನ್ ನಂಬರನ್ನು ಯಾರಾದರೂ ನಿಮಗೆ ಕೊಟ್ಟೇ ಕೊಡುತ್ತಾರೆ. "ಒಂದು ಫೋನ್ ಹಚ್ರಿ, ಅವರೇ ಗಾಡಿ ತಗೊಂಡು ಬರ್ತಾರ, ಮೂರು ತಿಂಗಳಾಗ ಸರಿ ಮಾಡಿ ಕಳಿಸ್ತಾರ." ಸಿಂಧನೂರಿನಲ್ಲಿ ನಮಗೆ ಆ ನಂಬರ್ ಕೊಟ್ಟವರು ಬೀಗರ ಕಡೆಯವರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು.

ನನ್ನ ಮಗನಿಗೆ ಈಗ 29. ಡಿಗ್ರಿ ಕೊನೆ ವರ್ಷದಲ್ಲಿ ಸ್ಕಿಜೋಫ್ರೇನಿಯಾ ಶುರುವಾಯಿತು. ಕ್ಲೋಜಪಿನ್ ಮಾತ್ರೆ ಕೊಟ್ಟ ಮೇಲೆ ತಕ್ಕಮಟ್ಟಿಗೆ ಚೆನ್ನಾಗಿದ್ದ, ನಮ್ಮ ಗೊಬ್ಬರದ ಅಂಗಡಿಯ ಗಲ್ಲಾದಲ್ಲೂ ಕೂರುತ್ತಿದ್ದ. ಭತ್ತದ ಸುಗ್ಗಿ ಹೊತ್ತಿಗೆ ನಿದ್ದೆ ಕೆಟ್ಟಿತು. ಒಂದು ರಾತ್ರಿ ಬಾಗಿಲು ಹಾಕಿಕೊಂಡು ಕೂಗಾಡಲು ಶುರು ಮಾಡಿದ, ಓಣಿಯವರೆಲ್ಲ ಕೂಡಿದರು. ಅಂಥ ಹೊತ್ತಲ್ಲಿ ಆ ನಂಬರ್ ಕೈಯಲ್ಲಿದ್ದರೆ ಯಾರು ತಾನೇ ಫೋನ್ ಮಾಡಲ್ಲ?

ಬೆಳಗಿನ ಜಾವ ವ್ಯಾನ್ ಬಂತು. ನಾಲ್ಕು ಜನ ಇಳಿದರು, ಒಬ್ಬರೂ ಡಾಕ್ಟರಲ್ಲ. ಇಂಜೆಕ್ಷನ್ ಚುಚ್ಚಿದರು. ಏನದು ಅಂದರೆ "ನಿದ್ದೀದು ಅಮ್ಮಾರ" ಅಂದರು. ಮೂರು ತಿಂಗಳಿನದು 45 ಸಾವಿರ, ಅಲ್ಲೇ ನಗದು. ರಸೀದಿ ಮೇಲೆ ಯಾವುದೋ ಟ್ರಸ್ಟ್ ಹೆಸರು, ನೋಂದಣಿ ನಂಬರ್ ಇಲ್ಲ. ಮೊದಲ ತಿಂಗಳು ಭೇಟಿ ಇಲ್ಲ, ಫೋನೂ ಇಲ್ಲವಂತೆ. "ಮನಿಯವರನ್ನ ನೋಡಿದ್ರ ಹಠ ಮಾಡ್ತಾರ." ಈ ಮಾತು ಕೇಳಿದ ತಕ್ಷಣ ಹುಷಾರಾಗಿ. ಆ ದಂಧೆ ನಿಂತಿರುವುದೇ ಇದರ ಮೇಲೆ.

ವಾರಕ್ಕೊಮ್ಮೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸುತ್ತಿದ್ದರು. ಎರಡನೇ ಸಲದ ಫೋಟೊ ದೊಡ್ಡದು ಮಾಡಿ ನೋಡಿದೆ. ಅದೇ ಅಂಗಿ, ಬಿಚ್ಚಿದ ಅದೇ ಗುಂಡಿ, ಗೋಡೆ ಮೇಲೆ ಅದೇ ನೆರಳು. ಹಳೇ ಫೋಟೊವನ್ನೇ ಮತ್ತೆ ಕಳಿಸಿದ್ದರು.

ಮರುದಿನ ತಮ್ಮನನ್ನು ಕರೆದುಕೊಂಡು, ಹೇಳದೆ ಕೇಳದೆ ಹೋದೆ. ಗೇಟ್ ತೆಗೆಯಲಿಲ್ಲ. ತಮ್ಮ 112ಕ್ಕೆ ಫೋನ್ ಮಾಡಿದ, ಪೊಲೀಸರು ಬಂದ ಮೇಲೆ ತೆಗೆದರು. ತಗಡಿನ ಶೆಡ್. ಮಗನ ತಲೆ ಬೋಳಿಸಿದ್ದರು. ಪಾದದ ಗಂಟಿನ ಸುತ್ತ ಸರಪಳಿ ಉಜ್ಜಿ ಹುಣ್ಣಾಗಿತ್ತು. "ಅವ್ವ, ಮನಿಗೆ ಹೋಗೂಣ ನಡಿ" ಅಂತ ಇಷ್ಟೇ, ಅದೂ ತೊದಲುತ್ತಾ. ಅವನ ಚೀಲದಲ್ಲಿ ನಾನು ಕೊಟ್ಟಿದ್ದ ಮಾತ್ರೆ ಪಟ್ಟಿಗಳು ಹಾಗೇ ಇದ್ದವು. ನಾನು ಹಾಕಿದ್ದ ರಬ್ಬರ್ ಬ್ಯಾಂಡ್ ಕೂಡ ಬಿಚ್ಚಿರಲಿಲ್ಲ. ಅಷ್ಟು ದಿನ ಬರೀ ಮಂಪರಿನ ಇಂಜೆಕ್ಷನ್.

ಇದು ಎಷ್ಟು ಅಪಾಯ ಅಂತ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರು ಬಿಡಿಸಿ ಹೇಳಿದರು. ಕ್ಲೋಜಪಿನ್ ಎರಡು ದಿನಕ್ಕಿಂತ ಜಾಸ್ತಿ ನಿಂತರೆ ಹಳೇ ಡೋಸ್ ಕೊಡುವ ಹಾಗಿಲ್ಲ. ಮತ್ತೆ ಕಡಿಮೆಯಿಂದ ಶುರು ಮಾಡಿ, ರಕ್ತ ಪರೀಕ್ಷೆ ನೋಡುತ್ತಾ ಏರಿಸಬೇಕು. ಅವನು ಮತ್ತೆ ಗಲ್ಲಾದಲ್ಲಿ ಕೂರಲು ತಿಂಗಳುಗಳೇ ಹಿಡಿದವು.

ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪೂರ್ತಿ ನಿಷೇಧಿಸಿದೆ. ಒತ್ತಾಯದಿಂದ ತಲೆ ಬೋಳಿಸುವ ಹಾಗೂ ಇಲ್ಲ. ರೋಗಿಗೆ ಮನೆಯವರನ್ನು ನೋಡುವ, ಫೋನಲ್ಲಿ ಮಾತಾಡುವ ಹಕ್ಕಿದೆ. ನೋಂದಣಿ ಇಲ್ಲದೆ ಇಂಥ ಕೇಂದ್ರ ನಡೆಸುವುದೇ ತಪ್ಪು. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಶೆಡ್‌ಗೆ ಬೆಂಕಿ ಬಿದ್ದಾಗ 28 ರೋಗಿಗಳು ಸತ್ತರು. ಸರಪಳಿ ಇದ್ದುದರಿಂದ ಓಡಲು ಆಗಲಿಲ್ಲ. ಇಷ್ಟಾದರೂ ನಮ್ಮ ಕಡೆ ಸರಪಳಿ ಹೋಗಿಲ್ಲ ನೋಡಿ.

ನನಗೆ ಜಾಸ್ತಿ ಸಿಟ್ಟು ಬರುವುದು ಇನ್ನೊಂದಕ್ಕೆ. ಇಂಥ ರೋಗಿಗಳನ್ನು ಊರಲ್ಲೇ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಿಕೊಳ್ಳಬಹುದು ಅಂತ ನಿಮ್ಹಾನ್ಸ್‌ನವರು 1985ರಲ್ಲಿ ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲೇ. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಮಗೆ ಮಾತ್ರ ವ್ಯಾನ್ ನಂಬರ್ ಗೊತ್ತು, ಇದು ಗೊತ್ತಿಲ್ಲ.

ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವ ವಾರ ಅಂತ ಮೊದಲೇ ಕೇಳಿಕೊಳ್ಳಿ. ರಾತ್ರಿ ಕೈ ಮೀರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತೀರಾ ತುರ್ತಾದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೇ ಹೋಗಿ. ಸೇರಿಸಲೇಬೇಕಾದರೆ ನೋಂದಣಿ ಪತ್ರ ಕಣ್ಣಾರೆ ನೋಡಿ, ಮನೋವೈದ್ಯರು ಯಾರು ಅಂತ ಕೇಳಿ, ಮಗ ಮಲಗುವ ಜಾಗ ನೋಡಿ. ತೋರಿಸದಿದ್ದರೆ ವಾಪಸ್ ಬನ್ನಿ.

ದೂರು ಕೊಟ್ಟಿದ್ದೇವೆ, ಅದಕ್ಕೇ ಆ ಕೇಂದ್ರದ ಹೆಸರು ಬರೆಯುತ್ತಿಲ್ಲ. ದುಡ್ಡು ಇನ್ನೂ ಬಂದಿಲ್ಲ. ನಿಮ್ಮ ಮಗನೋ ಮಗಳೋ ಈಗ ಅಂಥ ಕಡೆ ಇದ್ದರೆ ಫೋನಲ್ಲಿ ವಿಚಾರಿಸುತ್ತಾ ಕೂರಬೇಡಿ, ಹೋಗಿ ನೋಡಿ. ರಸೀದಿ, ಅವರು ಕಳಿಸಿದ ಫೋಟೊ ಯಾವುದನ್ನೂ ಅಳಿಸಬೇಡಿ, ದೂರಿಗೆ ಬೇಕಾಗುತ್ತವೆ.