ಬಚ್ಚಲ ಚಿಮಣಿ ಪಕ್ಕ ಕಂದು ಕಲೆ ಕಂಡರೆ ಬಣ್ಣ ಹೊಡೆಸಬೇಡಿ

ಮನೆಯಲ್ಲಿ ಹಂಡೆ ಒಲೆ ಇರುವವರು ಇದನ್ನು ಒಮ್ಮೆ ಓದಿ. ಚಿಮಣಿ ಹಾದುಹೋಗುವ ಗೋಡೆಯಲ್ಲಿ ಕಂದು ಗೆರೆ ಇಳಿದಿದ್ದರೆ ಅದು ಮಳೆ ನೀರೇ ಅಂತ ಅಂದುಕೊಳ್ಳಬೇಡಿ.

ನಮ್ಮ ಮನೆ ಕೊಪ್ಪದ ಹತ್ತಿರ. ಕಳೆದ ಮಳೆಗಾಲದಲ್ಲಿ ಚಿಮಣಿ ಪಕ್ಕ, ಮಾಡಿನ ಕೆಳಗೆ, ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಕಲೆ ಬಂತು. ಪೇಂಟಿಂಗ್ ಕಂಟ್ರಾಕ್ಟರ್ ನೋಡಿ, "ಹಂಚು ಸೋರ್ತಿದೆ ಮಾರಾಯ್ರೆ, ಡ್ಯಾಂಪ್ ಪ್ರೂಫ್ ಹೊಡೆದ್ರೆ ಮುಗೀತು" ಅಂದರು. ಹಂಚು ಹತ್ತಿ ನೋಡಲೂ ಇಲ್ಲ. ದೀಪಾವಳಿ ಹೊತ್ತಿಗೆ ಹೊಸ ಬಣ್ಣದ ಮೇಲೆ ಮೊದಲು ಹಳದಿ, ಆಮೇಲೆ ಮತ್ತದೇ ಕಂದು. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು, ಮೂಸಿದರೆ ಹೊಗೆ ವಾಸನೆ. ಮಳೆ ನೀರಿಗೆ ಹೊಗೆ ವಾಸನೆ ಎಲ್ಲಿಂದ ಬರಬೇಕು? ಕೇಳಿದ್ದಕ್ಕೆ ಇನ್ನೊಂದು ಕೋಟ್ ಹೊಡೆಯೋಣ ಅಂದರು!

ಅದಾದ ಮೇಲೆ ಒಂದು ಬೆಳಿಗ್ಗೆ ನೀರು ಕಾಯುತ್ತಿದ್ದಾಗ ಕೊಳವೆಯೊಳಗೆ ಭರ್ರ್ ಅಂತ ಸದ್ದು ಶುರುವಾಯಿತು. ಹೊರಗೆ ಓಡಿದರೆ ಚಿಮಣಿ ಬಾಯಲ್ಲಿ ಬೆಂಕಿ, ಸುತ್ತ ಕಿಡಿ. ಅಪ್ಪ ಉರಿಯುತ್ತಿದ್ದ ಕಟ್ಟಿಗೆ ಎಳೆದು ಹಾಕಿ ಒಲೆ ಬಾಯಿಗೆ ತಗಡು ಮುಚ್ಚಿದರು. ಗಾಳಿ ಸಿಗದೆ ಉರಿ ಇಳಿಯಿತು. ಅಷ್ಟರಲ್ಲಿ ಕೊಳವೆ ಸೀಳಿತ್ತು, ಅದಕ್ಕೆ ತಾಗಿಕೊಂಡಿದ್ದ, ಹಂಚು ಹೊರುವ ಮರದ ಪಕಾಸು ಒಂದು ಬದಿ ಪೂರ್ತಿ ಇದ್ದಿಲು.

ಕೊಳವೆ ಬಿಚ್ಚಿದಾಗ ಒಳಗೆ ಹೆಬ್ಬೆರಳು ದಪ್ಪಕ್ಕೆ ಹೊಳೆಯುವ ಕಪ್ಪು ಪದರ ಇತ್ತು. ಇದಕ್ಕೆ ಕ್ರಿಯೋಸೋಟ್ ಅಂತಾರೆ. ಹಸಿ ಕಟ್ಟಿಗೆ, ತೇವ ಇರುವ ಅಡಿಕೆ ಸಿಪ್ಪೆ ಸರಿಯಾಗಿ ಉರಿಯದೆ ಬರೀ ಹೊಗೆಯಾಡುತ್ತವೆ. ಆ ಹೊಗೆಯ ನೀರಿನಂಶ, ಟಾರು ಎರಡೂ ಮೇಲಿನ ತಣ್ಣನೆಯ ಕೊಳವೆಗೆ ತಾಗಿ ರಸವಾಗಿ ಇಳಿಯುತ್ತವೆ. ಉಳಿದದ್ದು ಅಲ್ಲೇ ಒಣಗಿ ಕೂರುತ್ತದೆ. ಅದು ಹೊತ್ತಿಕೊಂಡರೆ ಶಾಖ 1,000 ಡಿಗ್ರಿ ದಾಟಬಹುದು. ಕೊಳವೆ ಕಟ್ಟಿಕೊಂಡರೆ ಹೊಗೆ ಮನೆಯೊಳಗೇ ತಿರುಗುತ್ತದೆ. ಜೊತೆಗೆ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆಯೂ ಇಲ್ಲ.

ರಸ ಗೋಡೆಗೆ ಬಂದದ್ದು ಹೇಗೆ ಅಂತ ಜಾಯಿಂಟ್ ನೋಡಿದಾಗ ಗೊತ್ತಾಯಿತು. ಮೇಲಿನ ಕೊಳವೆಯ ತುದಿ ಕೆಳಗಿನದರ ಒಳಗೆ ಕೂರಬೇಕು, ಆಗ ಇಳಿಯುವ ರಸ ಒಳಗಿಂದಲೇ ಒಲೆಗೆ ಬೀಳುತ್ತದೆ. ಚಿಮಣಿ ಕೂರಿಸಿದವರು ತಿರುಗಿಸಿ ಜೋಡಿಸಿದ್ದರು. ಪಕಾಸಿಗೂ ಕೊಳವೆಗೂ ನಡುವೆ ಎರಡು ಇಂಚು ಜಾಗ ಕೂಡ ಬಿಟ್ಟಿರಲಿಲ್ಲ.

ಎಲ್ಲ ಕಲೆಗೂ ಹೆದರಬೇಕಿಲ್ಲ. ಹಸಿರು ಅಂದರೆ ಪಾಚಿ, ಉಜ್ಜಿದರೆ ಹೋಗುತ್ತದೆ. ಕಿತ್ತಳೆ ಗೆರೆ ಸಾಮಾನ್ಯವಾಗಿ ಮೇಲಿನ ತಗಡಿನ ಟೋಪಿಯ ತುಕ್ಕು. ಇಟ್ಟಿಗೆ ಮೇಲಿನ ಬಿಳಿ ಪುಡಿ ಒಳಗಿನ ಉಪ್ಪು. ಒದ್ದೆ ಬಟ್ಟೆಗೆ ಕರಗಿ, ಒಣಗಿದ ಮೇಲೆ ಮತ್ತೆ ಮೂಡುತ್ತದೆ. ಇಟ್ಟಿಗೆಯೊಳಗೆ ನೀರು ಓಡಾಡುತ್ತಿದೆ ಅಂತ ಅರ್ಥ, ಅದು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ಅಂಟುವ, ಹೊಗೆ ವಾಸನೆಯ ಕಂದು ಕಲೆ ಮಾತ್ರ ಬೇರೆ. ಅದು ಕಂಡರೆ ಒಲೆ ಹಚ್ಚುವುದು ನಿಲ್ಲಿಸಿ, ಮೊದಲು ಕೊಳವೆ ಬಿಚ್ಚಿಸಿ ಕ್ಲೀನ್ ಮಾಡಿಸಿ.

ಹಳೆ ಕೊಳವೆ ಆಸ್ಬೆಸ್ಟಾಸ್ ಸಿಮೆಂಟಿನದಾಗಿದ್ದರೆ ಗರಗಸ, ಸುತ್ತಿಗೆ ಹಾಕಲು ಬಿಡಬೇಡಿ. ಆ ಧೂಳು ಶ್ವಾಸಕೋಶಕ್ಕೆ ಅಪಾಯ. ನಮ್ಮದನ್ನು ನೀರು ಚಿಮುಕಿಸಿ, ತುಂಡು ಮಾಡದೆ ಹಾಗೇ ಇಳಿಸಿದೆವು.