ಎರಡು ವರ್ಷ, ನಾಲ್ಕು ಜೊತೆ ಇಯರ್‌ಫೋನ್: ಕಿವಿಯಲ್ಲಿ ಉಳಿದದ್ದು ಯಾವುದು?

ನನಗೆ ರಾಗ ತಾಳ ಅಷ್ಟಾಗಿ ಗೊತ್ತಿಲ್ಲ, ಸೌಂಡ್ ಎಂಜಿನಿಯರ್ ಅಂತೂ ಅಲ್ಲವೇ ಅಲ್ಲ. ಸುಮ್ನೆ ದಿನಕ್ಕೆ ಎರಡು ಮೂರು ಗಂಟೆ ಹಾಡು ಕೇಳುವವನು. ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ರಾತ್ರಿ ದೀಪ ಆರಿಸಿದ ಮೇಲೆ. ದುಬಾರಿ ಇಯರ್‌ಫೋನ್‌ಗೆ ದುಡ್ಡು ಹಾಕಲು ಧೈರ್ಯ ಬರುವುದಿಲ್ಲ. ನಾನು ಕಳೆಯುತ್ತೇನೆ, ತುಳಿಯುತ್ತೇನೆ, ಒಂದು ಸಲ ಪ್ಯಾಂಟಿನ ಜೇಬಿನಲ್ಲೇ ಬಿಟ್ಟು ವಾಷಿಂಗ್ ಮೆಷಿನ್‌ಗೂ ಹಾಕಿದ್ದೇನೆ. ಹಾಗಾಗಿ ಈ ಎರಡು ವರ್ಷದಲ್ಲಿ ಕೊಂಡದ್ದೆಲ್ಲ ಕಡಿಮೆ ಬೆಲೆಯವೇ. ಮೂರು ವೈರ್ ಇರುವವು, ಒಂದು ಬ್ಲೂಟೂತ್.

ಅವುಗಳಲ್ಲಿ ಮೂರರ ಹೆಸರು ಬರೆಯುತ್ತಿಲ್ಲ. ನನ್ನ ಕೈಗೆ ಬಂದ ಒಂದು ಪೀಸ್ ಸರಿಯಿರಲಿಲ್ಲ ಅಂತ ಇಡೀ ಕಂಪನಿಗೆ ಮಸಿ ಬಳಿಯುವುದು ಸರಿಯಲ್ಲ. ಮೆಚ್ಚಿದ್ದರ ಹೆಸರನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಕಪ್ಪು ಬಣ್ಣದ್ದು. ಡಬ್ಬಿಯ ಮೇಲೆ ‘ಎಕ್ಸ್‌ಟ್ರಾ ಬೇಸ್’ ಅಂತ ದಪ್ಪ ಅಕ್ಷರ. ಮೊದಲ ದಿನ ತುಂಬಾ ಖುಷಿಯಾಯಿತು. ಡ್ರಮ್ ಬಡಿದರೆ ತಲೆಯೊಳಗೇ ಬಡಿದ ಹಾಗೆ. ವಾರ ಕಳೆಯುವಷ್ಟರಲ್ಲಿ ಅದೇ ಗುಣ ತಲೆನೋವಾಯಿತು. ಹಾಡುವವರು ಕಂಬಳಿ ಹೊದ್ದುಕೊಂಡು ಹಾಡಿದಂತೆ ಕೇಳುತ್ತಿತ್ತು. ಬೇಸ್ ಜಾಸ್ತಿ ಮಾಡಿದಾಗ ಅದು ಕೆಳಗಡೆ ಮಾತ್ರ ನಿಲ್ಲುವುದಿಲ್ಲ, ಉಕ್ಕಿ ದನಿಯ ಜಾಗಕ್ಕೂ ನುಗ್ಗುತ್ತದೆ. ತಬಲಾದ ಎಡಗೈ ಪೆಟ್ಟಿನ ಗುಂಕಿ ಒಂದೇ ಮುದ್ದೆಯಾಗುತ್ತದೆ.

ಏಳನೇ ತಿಂಗಳಿಗೆ ಎಡಗಡೆ ಸದ್ದು ನಿಂತಿತು. ಪಿನ್ನಿನ ಹತ್ತಿರ, ವೈರ್ ಬಗ್ಗುವ ಜಾಗದಲ್ಲಿ, ಒಳಗಿನ ಎಳೆ ಕಿತ್ತಿತ್ತು. ಹೆಬ್ಬೆರಳಿನಿಂದ ಒಂದು ಕೋನದಲ್ಲಿ ಒತ್ತಿ ಹಿಡಿದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಆ ಕೋನ ಹುಡುಕಿ, ಟೇಪ್ ಸುತ್ತಿ, ಹತ್ತು ದಿನ ತಳ್ಳಿದೆ. ಈ ಕೆಲಸ ಮಾಡದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ! ವೈರ್ ಬಿಚ್ಚಲು ಬರುವಂತಿರಲಿಲ್ಲ. ಹಾಗಾಗಿ ಚೆನ್ನಾಗಿದ್ದ ಬಲಗಡೆಯದನ್ನೂ ಸೇರಿಸಿ ಎಸೆದೆ.

ಎರಡನೆಯದು ಕೊಳ್ಳುವಾಗ ಜಾಣನಾದೆ ಅಂದುಕೊಂಡಿದ್ದೆ. ವೈರ್ ಬಿಚ್ಚಬಹುದು, ಒಂದೊಂದು ಕಿವಿಗೆ ಎರಡೆರಡು ಡ್ರೈವರ್, ಅಂದರೆ ಸದ್ದು ಹೊರಡಿಸುವ ಭಾಗ. ಅವೂ ಎರಡು ಬಗೆಯವು, ಇಂಥದ್ದಕ್ಕೆ ಹೈಬ್ರಿಡ್ ಅನ್ನುತ್ತಾರೆ. ಕೆಳಗಿನ ಸದ್ದಿಗೆ ಡೈನಾಮಿಕ್ ಡ್ರೈವರ್, ಅಂದರೆ ಸ್ಪೀಕರಿನ ಪುಟ್ಟ ಮರಿ. ಮೇಲಿನ ಸದ್ದಿಗೆ ಬ್ಯಾಲೆನ್ಸ್ಡ್ ಆರ್ಮೇಚರ್, ಶ್ರವಣ ಸಾಧನಗಳಲ್ಲಿ ಬಳಸುತ್ತಾ ಬಂದಿರುವ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಡಬ್ಬಿ. ಎರಡಿದ್ದರೆ ಒಂದಕ್ಕಿಂತ ಚೆನ್ನಾಗಿರಬೇಕು, ಅಲ್ವಾ? ಇರಲಿಲ್ಲ. ‘ಸ’ ಬಂದಲ್ಲೆಲ್ಲ ಸೂಜಿ ಚುಚ್ಚಿದಂತೆ. ಸಿಂಬಲ್ ಸದ್ದು ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬಿದ್ದ ಹಾಗೆ. ಫೋನಿನ ಈಕ್ವಲೈಸರ್‌ನಲ್ಲಿ 8 ಕಿಲೋಹರ್ಟ್ಸ್ ಸುತ್ತ, ಅಂದರೆ ಆ ಚುಚ್ಚುವ ಸದ್ದಿರುವ ಜಾಗದಲ್ಲಿ, ನಾಲ್ಕು ಡೆಸಿಬಲ್ ಇಳಿಸಿದ ಮೇಲೆ ಸಹಿಸುವಂತಾಯಿತು. ಆಮೇಲೆ ಡ್ರೈವರ್ ಎಷ್ಟಿವೆ ಅಂತ ಎಣಿಸುವುದನ್ನೇ ಬಿಟ್ಟೆ.

ಮೂರನೆಯದು ಸೆವೆನ್ ಹರ್ಟ್ಸ್ ಸಾಲ್‌ನೋಟ್ಸ್ ಝೀರೊ. 2022ರಲ್ಲಿ ಬಂದ ಮಾಡೆಲ್. ಒಂದೇ ಡ್ರೈವರ್, 10 ಮಿಲಿಮೀಟರ್ ಡೈನಾಮಿಕ್. ವಿದ್ಯುತ್ತಿಗೆ ಒಡ್ಡುವ ತಡೆ 32 ಓಮ್ ಅಷ್ಟೇ, ಹಾಗಾಗಿ ಮಾಮೂಲಿ ಫೋನಿನಿಂದಲೇ ಬೇಕಾದಷ್ಟು ಸದ್ದು ಬರುತ್ತದೆ. ವೈರ್ ಬಿಚ್ಚಬಹುದು, ಎರಡು ಪಿನ್ನಿನದು, 0.78 ಮಿಲಿಮೀಟರ್. ಕೊಳ್ಳುವಾಗ ಈ ಅಳತೆ ನೋಡಿಕೊಳ್ಳಿ. 0.75ರ ಪಿನ್ ಇರುವವೂ ಇವೆ, ಬಲವಂತದಿಂದ ತುರುಕಿದರೆ ತೂತು ಸಡಿಲವಾಗುತ್ತದೆ.

ಹಾಕಿದ ದಿನ ಬೇಜಾರಾಯಿತು. ಬೇಸ್ ಎಲ್ಲಿ? ಕಪ್ಪು ಜೊತೆಗೆ ಹೋಲಿಸಿದರೆ ಇದು ಉಪ್ಪು ಹಾಕದ ಸಾರು. ವಾಪಸ್ ಕಳಿಸಲು ಡಬ್ಬಿಯನ್ನೂ ಎತ್ತಿಟ್ಟಿದ್ದೆ. ಒಂದು ರಾತ್ರಿ ಹಾಡು ಕೇಳುತ್ತಾ ಎಡಗಿವಿಯದನ್ನು ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿದೆ. ಎಡಗಡೆ ಬೇಸ್ ಒಮ್ಮೆಲೇ ತುಂಬಿಕೊಂಡಿತು. ಬೆರಳು ತೆಗೆದೆ, ಹೋಯಿತು. ಮತ್ತೆ ಒತ್ತಿದೆ, ಬಂತು. ಬಲಗಡೆ ಒತ್ತಿದರೆ ಏನೂ ಬದಲಾಗಲಿಲ್ಲ.

ಅಂದರೆ ತಪ್ಪು ಇಯರ್‌ಫೋನಿನದಲ್ಲ, ನನ್ನ ಎಡಗಿವಿಯ ತೂತು ಬಲಕ್ಕಿಂತ ದೊಡ್ಡದು! ರಬ್ಬರ್ ಟಿಪ್ ಸುತ್ತ ಗಾಳಿ ಸೋರುತ್ತಿತ್ತು. ಸೋರಿದರೆ ಮೊದಲು ಹೋಗುವುದು ಬೇಸ್. ಡಬ್ಬಿಯಲ್ಲಿ ಬೇರೆ ಬೇರೆ ಅಳತೆಯ ಟಿಪ್ ಕೊಟ್ಟಿರುತ್ತಾರೆ, ನಾವು ಅದನ್ನು ಮುಟ್ಟುವುದೇ ಇಲ್ಲ. ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯಮದ್ದು ಹಾಕಿದೆ. ಅಷ್ಟೇ ಮಾಡಿದ್ದು. ಅವತ್ತಿನಿಂದ ಅದು ಬೇರೆಯೇ ಇಯರ್‌ಫೋನ್. ನೀವೂ ಮಾಡಿ ನೋಡಿ: ಹಾಡು ಹಾಕಿ, ಒಂದೊಂದೇ ಕಡೆ ಮೆಲ್ಲಗೆ ಒತ್ತಿ. ಸದ್ದು ಬದಲಾದರೆ ಟಿಪ್ ಬದಲಾಯಿಸಿ. ಹೊಸ ಇಯರ್‌ಫೋನ್ ಕೊಳ್ಳುವುದು ಆಮೇಲೆ. ಹಳೆಯ ಹೈಬ್ರಿಡ್ ಜೊತೆಗೂ ಹೀಗೇ ಟಿಪ್ ಬದಲಿಸಿದೆ. ಬೇಸ್ ಬಂತು, ‘ಸ’ದ ಚುಚ್ಚು ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಝೀರೊದ ಟ್ಯೂನಿಂಗ್, ಅಂದರೆ ಯಾವ ಸದ್ದು ಎಷ್ಟು ಜೋರಿರಬೇಕು ಅನ್ನುವ ಹೊಂದಾಣಿಕೆ, ಹಾರ್ಮನ್ ಕರ್ವ್‌ಗೆ ಹತ್ತಿರ. ಹಾರ್ಮನ್ ಅನ್ನುವ ಆಡಿಯೊ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು ಕೇಳುಗರನ್ನು ಕೂರಿಸಿ, ಬೇರೆ ಬೇರೆ ಥರ ಸದ್ದು ಕೇಳಿಸಿ, ಹೆಚ್ಚು ಜನ ಯಾವುದನ್ನು ಮೆಚ್ಚುತ್ತಾರೆ ಅಂತ ನೋಡಿ ಎಳೆದ ಗೆರೆ ಅದು. ನನಗೆ ಅರ್ಥವಾದದ್ದು ಇಷ್ಟೇ: ದನಿ ಮುಂದೆ ನಿಲ್ಲುತ್ತದೆ, ತಂಬೂರಿಯ ನಾಲ್ಕು ತಂತಿ ನಾಲ್ಕಾಗಿಯೇ ಕೇಳುತ್ತವೆ. ಡಬಡಬ ಅನ್ನುವ ಬೇಸ್ ಬೇಕಾದವರಿಗೆ ಇದು ಸಾಲದು, ಅದಂತೂ ನಿಜ.

ಇನ್ನೊಂದು ತೊಂದರೆ ಎಲ್ಲ ವೈರ್‌ನವುಗಳದ್ದು. ಒಳಗೆ ಬಿಗಿಯಾಗಿ ಕೂತಾಗ ವೈರ್ ಅಂಗಿಗೆ ಉಜ್ಜಿದ ಸದ್ದೂ ಕಿವಿಗೆ ಬರುತ್ತದೆ. ನಡೆಯುವಾಗ ಟಪ್ ಟಪ್. ಇದರ ವೈರನ್ನು ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ ಹಾಕಬೇಕು, ಹಾಗೆ ಹಾಕಿದರೆ ಆ ಸದ್ದು ಬಹಳ ಕಡಿಮೆ. ಮೊದಲ ವಾರ ಕನ್ನಡಕದ ಕಾಲಿನ ಜೊತೆ ಜಗಳವಾಡಿ ಸಾಕಾಯಿತು. ಈಗ ಕೈ ತಾನೇ ಮಾಡುತ್ತದೆ.

ಎಂಟನೇ ತಿಂಗಳಲ್ಲಿ ಬಲಗಡೆ ಸದ್ದು ಮೆಲ್ಲಗೆ ಸಣ್ಣದಾಗುತ್ತಾ ಬಂತು. ಡ್ರೈವರ್ ಸತ್ತಿತು ಅಂತ ಎದೆ ಧಸಕ್ಕೆಂದಿತು. ಟಿಪ್ ಕಿತ್ತು ಫೋನಿನ ಟಾರ್ಚ್ ಹಿಡಿದು ನೋಡಿದೆ. ಸದ್ದು ಹೊರಬರುವ ಬಾಯಿಯ ಜಾಲರಿ ಮೇಲೆ ಗುಗ್ಗೆ ಮೆತ್ತಿಕೊಂಡಿತ್ತು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಹಳೆಯ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು, ಜಾಲರಿಯನ್ನು ಕೆಳಮುಖವಾಗಿ ಹಿಡಿದು, ಒಣಗಿದ್ದಾಗಲೇ ಮೆಲ್ಲಗೆ ತಿಕ್ಕಿದೆ. ಮೇಲ್ಮುಖ ಹಿಡಿದು ತಿಕ್ಕಿದರೆ ಕೊಳೆ ಒಳಗೇ ಬೀಳುತ್ತದೆ. ಸದ್ದು ವಾಪಸ್ ಬಂತು. ‘ಒಂದು ಕಡೆ ಕೇಳುತ್ತಿಲ್ಲ’ ಅಂತ ಎಸೆದವುಗಳಲ್ಲಿ ಎಷ್ಟು ಬರೀ ಇಂಥವೋ!

ಬ್ಲೂಟೂತ್ ಜೊತೆಯ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಅನುಕೂಲ ಅಂದರೆ ಅನುಕೂಲ. ಪಾತ್ರೆ ತೊಳೆಯುವಾಗ ಅದೇ ಬೇಕು. ಹೊಸದರಲ್ಲಿ ನಾಲ್ಕೂವರೆ ಗಂಟೆ ಬರುತ್ತಿದ್ದ ಚಾರ್ಜ್, ಒಂದೂವರೆ ವರ್ಷಕ್ಕೆ ಎರಡೂವರೆ ಗಂಟೆಗೆ ಇಳಿದಿದೆ. ಅಷ್ಟು ಚಿಕ್ಕ ಬ್ಯಾಟರಿಯನ್ನು ದಿನಾ ಖಾಲಿ ಮಾಡಿ ತುಂಬಿದರೆ ಅದು ಸವೆಯಲೇಬೇಕು. ಬದಲಿಸಲೂ ಬರುವುದಿಲ್ಲ. ಎಸ್‌ಬಿಸಿ, ಎಎಸಿ ಅಂತ ಕೋಡೆಕ್ ಜಗಳ, ಅಂದರೆ ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನಗಳ ಜಗಳ, ಓದಿದ್ದೇನೆ. ಬಸ್ಸಿನ ಗಲಾಟೆಯಲ್ಲಿ ನನಗೆ ಎರಡೂ ಒಂದೇ.

ಫೋನಿನಲ್ಲಿ 3.5 ಎಂಎಂ ತೂತು ಇಲ್ಲದವರು ವೈರ್‌ನದ್ದು ಬೇಡ ಅನ್ನಬೇಕಿಲ್ಲ. ಟೈಪ್-ಸಿ ಡಾಂಗಲ್ ಹಾಕಿಕೊಳ್ಳಬಹುದು. ಆದರೆ ಒಳಗೆ ಡ್ಯಾಕ್ ಇರುವುದನ್ನೇ ಕೊಳ್ಳಿ. ಡ್ಯಾಕ್ ಅಂದರೆ ಡಿಜಿಟಲ್ ಸಂಕೇತವನ್ನು ಸದ್ದಿನ ಸಂಕೇತವಾಗಿ ಮಾರ್ಪಡಿಸುವ ಚಿಪ್. ಅದಿಲ್ಲದ ಬರೀ ವೈರ್ ಅಡಾಪ್ಟರ್ ಎಷ್ಟೋ ಫೋನ್‌ಗಳಲ್ಲಿ ಕೆಲಸವೇ ಮಾಡುವುದಿಲ್ಲ. ನಾನು ಒಂದು ಕೊಂಡು ಪೆಚ್ಚಾಗಿದ್ದೇನೆ.

ನಾನು ನೆನೆಸದ ಒಂದು ಲಾಭವೂ ಆಯಿತು. ಟಿಪ್ ಸರಿಯಾಗಿ ಕೂತ ಮೇಲೆ ಹೊರಗಿನ ಗದ್ದಲ ಒಳಗೆ ಬರುವುದು ಕಡಿಮೆಯಾಯಿತು. ಮುಂಚೆ ಬಸ್ಸಿನಲ್ಲಿ ವಾಲ್ಯೂಮ್ ಮುಕ್ಕಾಲು ದಾಟುತ್ತಿತ್ತು, ಈಗ ಅರ್ಧದ ಕೆಳಗೇ ಸಾಕು. ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಹಳೆಯ ಲೆಕ್ಕ ಅದರ ಯಾವ ಕಡೆಗಿತ್ತೋ, ಯೋಚಿಸಲು ಹೋಗಿಲ್ಲ. ರಸ್ತೆ ದಾಟುವಾಗ ಮಾತ್ರ ಒಂದು ಕಿವಿಯದನ್ನು ತೆಗೆದುಬಿಡುತ್ತೇನೆ, ಹಾರ್ನ್ ನಿಜಕ್ಕೂ ಕೇಳುವುದಿಲ್ಲ.

ಈಗ ದಿನಾ ಬಳಕೆಗೆ ಝೀರೊ, ಕೈ ಒದ್ದೆಯಿದ್ದಾಗ ಬ್ಲೂಟೂತ್. ಹೈಬ್ರಿಡ್ ಜೊತೆಯ ವೈರ್ ಬಿಚ್ಚಿ ಡ್ರಾಯರ್‌ಗೆ ಹಾಕಿದ್ದೇನೆ. ಕಳೆದ ವಾರ ಎಡಗಡೆಯ ದೊಡ್ಡ ಟಿಪ್ ಬಸ್ಸಿನಲ್ಲಿ ಎಲ್ಲೋ ಉದುರಿಹೋಯಿತು. ಹೊಸ ಟಿಪ್ ಪ್ಯಾಕೆಟ್ ಬರುವವರೆಗೆ ಎಡಗಡೆಯದನ್ನು ಬೆರಳಿನಿಂದ ಒತ್ತಿಕೊಂಡೇ ಕೇಳುತ್ತಿದ್ದೇನೆ.